ಎಂಟು ನಿಮಿಷ ಹಿಂದಿನ ನೆರಳು

ನಮ್ಮೂರಿನಲ್ಲಿ ಮನುಷ್ಯರ ನೆರಳು ಎಂಟು ನಿಮಿಷ ತಡವಾಗಿ ಬೀಳುತ್ತದೆ. ಇದನ್ನು ಕೇಳಿ ಹುಬ್ಬೇರಿಸುವವರು ಹೊರಗಿನವರು. ನಮಗಂತೂ ಊರ ಬಾವಿಯ ನೀರು ಸ್ವಲ್ಪ ಸಪ್ಪೆ ಎನ್ನುವಷ್ಟೇ ಸಂಗತಿ. ನಾನೀಗ ಈ ಕುರ್ಚಿಯ ಮೇಲೆ ಕೂತರೆ ಗೋಡೆಯ ಮೇಲೆ ನೆರಳಿರುವುದಿಲ್ಲ. ಎಂಟು ನಿಮಿಷ ಕಳೆದ ಮೇಲೆ ಅದು ಬಾಗಿಲಿಂದ ಬಂದು ಕೂರುತ್ತದೆ. ನಾನೆದ್ದು ಹೋದರೂ ಅಷ್ಟು ಹೊತ್ತು ಅಲ್ಲೇ ಇದ್ದು, ಆಮೇಲೆ ಎದ್ದು ಬರುತ್ತದೆ. ಬಿಸಿಲಿಗೂ ಅಷ್ಟೇ, ಚಿಮಣಿ ದೀಪಕ್ಕೂ ಅಷ್ಟೇ, ಕರೆಂಟಿನ ಬಲ್ಬಿಗೂ ಅಷ್ಟೇ. ಮರದ್ದು, ಗೋಡೆಯದ್ದು, ಎತ್ತಿನದ್ದು ಎಲ್ಲ ಊರುಗಳಂತೆಯೇ. ನಮ್ಮದು ಮಾತ್ರ ತಡ.

ಇದರ ಜೊತೆ ಬಾಳುವುದಕ್ಕೆ ದೊಡ್ಡ ವಿದ್ಯೆ ಏನೂ ಬೇಕಿಲ್ಲ. ಇನ್ನೊಬ್ಬರ ನೆರಳನ್ನು ದಿಟ್ಟಿಸಿ ನೋಡಬಾರದು, ಅದು ಮರ್ಯಾದೆಯಲ್ಲ. ಒಬ್ಬ ಮನುಷ್ಯ ಎಂಟು ನಿಮಿಷದ ಹಿಂದೆ ಯಾರ ಹಿತ್ತಲಲ್ಲಿದ್ದ ಎನ್ನುವುದು ಅವನ ಪಾಡು. ನಮ್ಮ ಪಂಚಾಯಿತಿಯಲ್ಲೂ ನೆರಳಿನ ಸಾಕ್ಷಿ ಹಿಡಿಯುವುದಿಲ್ಲ. ಹಿಡಿದಿದ್ದರೆ ಅರ್ಧ ಊರು ದಂಡ ಕಟ್ಟಬೇಕಾಗುತ್ತಿತ್ತು. ಒಂದು ಕೋಣೆಯಿಂದ ಹೊರಗೆ ಬರುವಾಗ ‘ಹೊರಬಿದ್ದೆ’ ಎಂದು ಕೂಗಿ ಹೇಳಬೇಕು, ಇಲ್ಲದಿದ್ದರೆ ನೆರಳು ಕಂಡವರು ಗೊಂದಲಕ್ಕೆ ಬೀಳುತ್ತಾರೆ. ಆದರೆ ನಮ್ಮವರು ಗೊಂದಲಕ್ಕೆ ಬೀಳುವುದು ಅಪರೂಪ. ನೆರಳು ಕಂಡಿತೆಂದರೆ ಮನುಷ್ಯ ಇದ್ದಾನೆಂದಲ್ಲ ಎನ್ನುವುದನ್ನು ತೊಟ್ಟಿಲಲ್ಲೇ ಕಲಿತವರು ನಾವು. ಗಂಡ ಉಂಡು ಹೊಲಕ್ಕೆ ಹೋಗಿಯಾದ ಮೇಲೂ ಅವನ ನೆರಳು ಕೂತು ಉಣ್ಣುತ್ತಿರುತ್ತದೆ, ಅದಕ್ಕೆ ಯಾವ ಹೆಂಡತಿಯೂ ಇನ್ನೊಂದು ರೊಟ್ಟಿ ಹಾಕುವುದಿಲ್ಲ.

ಸಾವಿನಲ್ಲಿ ಮಾತ್ರ ನಾವು ನೆರಳಿಗೆ ತಲೆಬಾಗುತ್ತೇವೆ. ಜೀವ ಹೋದ ಮೇಲೂ ನೆರಳು ಎಂಟು ನಿಮಿಷ ಬದುಕಿರುತ್ತದೆ. ಆಮೇಲೆ ಗೋಡೆಯಿಂದ ಜಾರಿ ನೆಲಕ್ಕೆ ಬಿದ್ದು ಇಲ್ಲವಾಗುತ್ತದೆ. ಅದಕ್ಕೆ ‘ಇಳಿಯಿತು’ ಎನ್ನುತ್ತೇವೆ. ಅಲ್ಲಿಯವರೆಗೆ ದೀಪ ಆರಿಸುವಂತಿಲ್ಲ, ಯಾರೂ ಅಳುವಂತಿಲ್ಲ. ನಮ್ಮ ಓಣಿಯ ದರ್ಜಿಯೊಬ್ಬ ಹೊಲಿಯುತ್ತಲೇ ಮಿಷಿನ್ನಿನ ಮೇಲೆ ಒರಗಿ ಸತ್ತಾಗ ಅವನ ನೆರಳು ಎಂಟು ನಿಮಿಷ ಕಾಲು ಆಡಿಸುತ್ತಲೇ ಇತ್ತು. ಅಂಗಿ ಹೊಲಿಯಲು ಕೊಟ್ಟವರೂ ಅಲ್ಲೇ ನಿಂತು ನೋಡಿದ್ದರು.

ಸೂರ್ಯನನ್ನು ಅಭ್ಯಾಸ ಮಾಡುವ ಉಪಗ್ರಹದ ಕಾರ್ಖಾನೆ ನಮ್ಮೂರಿಗೆ ಬಂದದ್ದೂ ಈ ಎಂಟು ನಿಮಿಷದ ದೆಸೆಯಿಂದಲೇ. ಸೂರ್ಯನ ಬೆಳಕು ಭೂಮಿಗೆ ಬರಲು ಎಂಟು ನಿಮಿಷ ಚಿಲ್ಲರೆ ಬೇಕಂತೆ. ಅದಕ್ಕೂ ಇದಕ್ಕೂ ಏನೋ ಸಂಬಂಧ ಇರಬೇಕೆಂದು ಕೋಟು ತೊಟ್ಟವರು ಏಳೆಂಟು ಜನ ಬಂದು, ಜಾಗ ನೋಡಿ, ಪಾಯ ತೋಡಿಸಿಬಿಟ್ಟರು. ಚಿಮಣಿ ದೀಪದ ನೆರಳೂ ಎಂಟು ನಿಮಿಷ ತಡ ಎಂದು ಖಾನಾವಳಿಯವನು ಅವರಿಗೆ ತೋರಿಸಿದ್ದು ಪಾಯ ತುಂಬಿದ ಮೇಲೆ. ಅವರ ಮುಖ ಸಪ್ಪಗಾಯಿತು. ಆದರೂ ಕಟ್ಟಡ ನಿಂತಿತು, ನೆರಳಿನ ಮಾತು ಮತ್ತೆ ಯಾರೂ ಎತ್ತಲಿಲ್ಲ. ಊರಲ್ಲಿ ಕನ್ನಡಿ ಮಾಡುವ ಮನೆತನಗಳು ಇದ್ದದ್ದು ಅವರಿಗೆ ಲಾಭವೇ ಆಯಿತು. ಕನ್ನಡಿಯೊಳಗಿನ ಬಿಂಬ ತಡ ಮಾಡುವುದಿಲ್ಲ ನೋಡಿ, ಹಾಗಾಗಿ ನಮ್ಮಲ್ಲಿ ಕನ್ನಡಿಗೂ ಅದನ್ನು ಮಾಡುವವರಿಗೂ ಮೊದಲಿನಿಂದ ಮರ್ಯಾದೆ.

ಆಗ ಸೂರ್ಯನನ್ನು ನೋಡಲೆಂದೇ ಮಾಡಿದ ಉಪಗ್ರಹಗಳು ಲೋಕದಲ್ಲೇ ಬೆರಳೆಣಿಕೆಯಷ್ಟು. ಸೂರ್ಯನ ಬೆಳಕಿನಲ್ಲಿ ಒಂದು ಪಾಲು ನೆಲದವರೆಗೆ ಬರುವುದೇ ಇಲ್ಲ, ಮೇಲಿನ ಗಾಳಿಯೇ ಅದನ್ನು ಹೀರಿಬಿಡುತ್ತದೆ. ಆ ಪಾಲನ್ನು ನೋಡಬೇಕಾದರೆ ಗಾಳಿ ದಾಟಿ ಮೇಲೆ ಹೋಗಬೇಕು. ನಮ್ಮ ಮೊದಲ ಉಪಗ್ರಹ ಹಾಗೆ ಹೋಯಿತು. ಕೆಳಗೆ ಬಂಡಿಗಾಲಿಯಂಥದ್ದೊಂದು ತಿರುಗುತ್ತಲೇ ಇರುತ್ತಿತ್ತು, ಅದರ ಮೇಲಿನ ಭಾಗ ಮಾತ್ರ ಅಲುಗದೆ ಸೂರ್ಯನ ಕಡೆ ಮುಖ ಮಾಡಿರುತ್ತಿತ್ತು. ಒಂದೂವರೆ ತಾಸಿಗೊಮ್ಮೆ ಭೂಮಿ ಸುತ್ತುತ್ತ, ಕಂಡದ್ದನ್ನೆಲ್ಲ ಟೇಪಿನಲ್ಲಿ ತುಂಬಿಕೊಂಡು, ನಮ್ಮ ನೆತ್ತಿಯ ಮೇಲೆ ಬಂದಾಗ ಐದೇ ನಿಮಿಷದಲ್ಲಿ ಗಡಗಡ ಹೇಳಿ ಮುಗಿಸುತ್ತಿತ್ತು. ಸಾಹೇಬರು ಅದನ್ನು ಸ್ಪೀಕರಿಗೆ ಕೊಟ್ಟು ಊರಿಗೆಲ್ಲ ಕೇಳಿಸಿದರು. ಸಾಸಿವೆ ಸಿಡಿಯುವ ಸದ್ದು. ಒಂದು ದಿನ ಆ ಸದ್ದು ಜೋರಾಗಿ ಕಿವಿ ಮುಚ್ಚಿಕೊಳ್ಳುವ ಹಾಗಾಯಿತು. ಸೂರ್ಯನ ಮೇಲೆ ಬಿರುಗಾಳಿಯೆದ್ದಿದೆ ಎಂದರು. ದಿನಾ ಬೆಳಿಗ್ಗೆ ಅವನಿಗೆ ಅರ್ಘ್ಯ ಬಿಡುತ್ತಿದ್ದ ಮುದುಕರು ಬಿಟ್ಟ ಬಾಯಿ ಮುಚ್ಚಲಿಲ್ಲ. ಇಷ್ಟು ಸಿಟ್ಟಿನವನಿಗೆ ಒಂದು ಚೊಂಬು ನೀರು ಯಾವ ಮೂಲೆಗೆ ಎಂದು ಒಬ್ಬರು ಕೇಳಿಯೂ ಕೇಳಿದರು. ಎಪ್ಪತ್ತೊಂದನೆಯ ದಿನ ಅದು ಮಾತು ನಿಲ್ಲಿಸಿತು. ಊರಲ್ಲಿ ಆ ದಿನ ಒಲೆ ಹಚ್ಚದ ಮನೆಗಳಿದ್ದವು ಎಂದರೆ ನೀವು ನಂಬಲಿಕ್ಕಿಲ್ಲ.

ಎರಡನೆಯದನ್ನು ಮಾಡಲು ಐದು ವರ್ಷ ಹಿಡಿಯಿತು. ನನ್ನ ಹೆಸರು ಅಡಿವೆಪ್ಪ, ಅಲ್ಲಿ ನಾನು ಗುಡಾಣದ ಕಾವಲಿನವನು. ಗುಡಾಣವೆಂದರೆ ಕಾಳು ತುಂಬುವ ಮಣ್ಣಿನ ಪಾತ್ರೆಯಲ್ಲ, ಉಪಗ್ರಹವನ್ನು ಒಳಗಿಟ್ಟು ಪರೀಕ್ಷೆ ಮಾಡುವ ಉಕ್ಕಿನ ಕೋಣೆ. ಆಕಾರ ನೋಡಿ ನಾವು ಇಟ್ಟ ಹೆಸರು ಅದು. ಮೇಲೆ ಗಾಳಿಯಿಲ್ಲವಲ್ಲ, ಹಾಗಾಗಿ ಒಳಗಿನ ಗಾಳಿಯನ್ನೆಲ್ಲ ಪಂಪಿನಿಂದ ಎಳೆಯಬೇಕು. ಮೇಲೆ ಬಿಸಿಲು ಉಗ್ರ, ಹಾಗಾಗಿ ಒಂದು ದೊಡ್ಡ ದೀಪ ಹಚ್ಚಬೇಕು. ಆ ದೀಪಕ್ಕೆ ಸುಳ್ಳು ಸೂರ್ಯ ಎನ್ನುತ್ತಿದ್ದೆವು. ಬಾಗಿಲು ಹಾಕುವುದು, ಸುಳ್ಳು ಸೂರ್ಯ ಹಚ್ಚುವುದು, ಪಂಪು ನಡೆಸುವುದು, ಮುಗಿದ ಮೇಲೆ ಹೊರಗಿನ ಹಾಲ್‌ನಲ್ಲಿ ಗೋಡೆಗಿದ್ದ ಚಕ್ರ ತಿರುವಿ ಒಳಗೆ ಗಾಳಿ ಬಿಡುವುದು, ಇವು ನನ್ನ ಕೆಲಸ. ಎಳೆಯುವಾಗ ಗಾಳಿ ಸುಮ್ಮನೆ ಹೋಗುತ್ತದೆ, ಬಿಡುವಾಗ ಮಾತ್ರ ಹೊಡೆದಂತೆ ಬರುತ್ತದೆ. ಉಪಗ್ರಹದ ಕಣ್ಣಿಗೆ ಉಳ್ಳಾಗಡ್ಡಿ ಸಿಪ್ಪೆಗಿಂತ ತೆಳುವಾದ ತಗಡು ಹಚ್ಚಿದ್ದರು. ಚಕ್ರವನ್ನು ಕೂದಲೆಳೆಯಷ್ಟು ತೆರೆದು ಅರ್ಧ ತಾಸು ಕಾಯದಿದ್ದರೆ ಅದು ಹರಿದುಹೋಗುತ್ತಿತ್ತು.

ಆ ಕಣ್ಣಿನ ಕನ್ನಡಿಗಳನ್ನು ಒರೆಸುತ್ತಿದ್ದವಳು ಕಲ್ಲವ್ವ. ಕನ್ನಡಿಯವರ ಮನೆಯ ಹೆಣ್ಣುಮಗಳು, ನಲವತ್ತೈದು ದಾಟಿದ್ದಳು, ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಅವಳ ಕೈಗೆ ಸಾಟಿಯಿರಲಿಲ್ಲ. ಹೊರಗಿನಿಂದ ತರಿಸಿದ ಒರೆಸುವ ಯಂತ್ರ ಗೀರು ಬೀಳಿಸುತ್ತಿತ್ತು, ಅವಳ ಮೆತ್ತನೆಯ ಹಳೇ ಬಟ್ಟೆ ಬೀಳಿಸುತ್ತಿರಲಿಲ್ಲ. ಆ ಬಟ್ಟೆ ನೆಲಕ್ಕೆ ತಾಕಿತೆಂದರೆ ಅವತ್ತಿಗೆ ಅದು ಕೆಲಸಕ್ಕಿಲ್ಲ, ಮತ್ತೊಂದು ತೆಗೆಯುತ್ತಿದ್ದಳು. ಬಾಯಿ ಮಾತ್ರ ಜೋರು. ನನ್ನನ್ನು ಕಂಡರೆ, ಬಾಗಿಲು ಹಾಕಾಂವ ಬಂದ, ಇನ್ನ ದಾರಿ ಬಿಡ್ರಿ ಎಂದು ಆಡಿಕೊಳ್ಳುತ್ತಿದ್ದಳು. ಅವಳ ಮಗಳು ಸಾವಂತ್ರಿ ಅದೇ ಕಟ್ಟಡದ ಆ ತುದಿಯಲ್ಲಿ ಟೇಪು ಸುತ್ತುವ ಕೋಣೆಯಲ್ಲಿದ್ದಳು, ಇಪ್ಪತ್ತರ ಹುಡುಗಿ. ನನ್ನನ್ನು ಕಾಕಾ ಎನ್ನುತ್ತಿದ್ದಳು.

ಮೇಲಧಿಕಾರಿ ಸೇತುರಾಮ್ ದಕ್ಷಿಣದ ಕಡೆಯವರು. ನಮ್ಮೂರಿಗೆ ಬಂದು ಆರು ವರ್ಷವಾಗಿತ್ತು. ಒಳ್ಳೆಯ ಮನುಷ್ಯ, ಯಾರಿಗೂ ಏಕವಚನ ಹಚ್ಚಿದವರಲ್ಲ. ಬಂದ ಹೊಸದರಲ್ಲಿ ಖಾಲಿ ಕುರ್ಚಿಯ ಹಿಂದಿನ ನೆರಳಿಗೆ ನಮಸ್ಕಾರ ಮಾಡಿ ನಗೆಪಾಟಲಾಗಿದ್ದರು. ಆಮೇಲೆ ನೆರಳಿನ ವಿಷಯ ಬಂದಾಗಲೆಲ್ಲ ನಮ್ಮನ್ನೇ ಕೇಳುತ್ತಿದ್ದರು.

ಅವತ್ತು ಕೊನೆಯ ಪರೀಕ್ಷೆ. ಹನ್ನೆರಡನೆಯ ದಿನಕ್ಕೆ ಹಾರಿಸುವುದೆಂದು ಗೊತ್ತಾಗಿತ್ತು. ಬೆಳಿಗ್ಗೆ ಹತ್ತೂ ಇಪ್ಪತ್ತಕ್ಕೆ ಸ್ವಲ್ಪ ಮುಂಚೆ ನಾನು ಗುಡಾಣದ ಬಾಗಿಲಲ್ಲಿ ನಿಂತು, ಒಳಗ ಯಾರರ ಅದೀರೇನು ಎಂದು ಕೂಗಿದೆ. ಉತ್ತರ ಬರಲಿಲ್ಲ. ಒಳಗೆ ಹೋಗಿ ನೋಡಬಹುದಿತ್ತು, ಆದರೆ ಹೋಗಬೇಕಾದರೆ ಮೈಗೆಲ್ಲ ಬಿಳಿ ಬಟ್ಟೆ, ಕಾಲಿಗೆ ಬಿಳಿ ಚೀಲ ಹಾಕಿಕೊಳ್ಳಬೇಕು. ಸೋಮಾರಿತನ ಎನ್ನಿ, ಹೋಗಲಿಲ್ಲ. ಪಕ್ಕದ ದುಂಡು ಗಾಜಿನಿಂದ ಹಣಿಕಿದೆ. ಆ ಗಾಜಿನಿಂದ ಉಪಗ್ರಹದ ಬೆನ್ನು ಕಾಣುತ್ತದೆ, ಅದರಾಚೆಯ ಗೋಡೆ ಕಾಣುತ್ತದೆ, ಅಷ್ಟೇ. ಬಾಗಿಲಿಗೆ ಒತ್ತಿ ನಿಂತವರು ಕಾಣುವುದಿಲ್ಲ, ಗೋಡೆಯ ಮೇಲೆ ಅವರ ನೆರಳು ಮಾತ್ರ. ಗೋಡೆಯ ಮೇಲೆ ಕಲ್ಲವ್ವನ ನೆರಳು ಬಗ್ಗಿ ಒರೆಸುತ್ತಿತ್ತು. ಸೇತುರಾಮ್ ನನ್ನ ಭುಜದ ಮೇಲಿಂದ ನೋಡಿ, ಅದು ಯಾರು, ಇನ್ನೂ ಒಳಗಿದ್ದಾರಾ ಎಂದು ಕೇಳಿದರು.

“ಅದು ಹಳೇದ್ರಿ ಸಾಹೇಬ್ರ,” ಅಂದೆ. “ಅಕಿ ಹೊರಬಿದ್ದು ಹೊತ್ತಾತು.”

ಬೇರೆ ಯಾವ ಊರಿನವನಾದರೂ ಆ ನೆರಳು ಕಂಡು ಕೈ ತಡೆಯುತ್ತಿದ್ದ. ಕುರುಡನೂ ತಡೆಯುತ್ತಿದ್ದನೇನೋ. ನಾವು ತಡೆಯುವವರಲ್ಲ. ಪ್ರತ್ಯಕ್ಷ ಕಂಡರೂ ಪರಾಂಬರಿಸಿ ನೋಡು ಎಂಬ ಗಾದೆಯನ್ನು ನಮ್ಮೂರಷ್ಟು ನೆಚ್ಚಿಕೊಂಡ ಊರು ಇನ್ನೊಂದಿಲ್ಲ. ಆದರೆ ಪ್ರತ್ಯಕ್ಷವನ್ನು ತಳ್ಳಿಹಾಕಿದ ನಾನು ಪರಾಂಬರಿಸಲಿಲ್ಲ. ಅವಳು ಹೊರಬಿದ್ದೆ ಎಂದದ್ದು ನನಗೆ ಕೇಳಿತ್ತೇ ಎಂದು ಕೇಳಿದರೆ, ಕೇಳಿರಲಿಲ್ಲ. ದಿನಾ ಕೇಳುತ್ತಿತ್ತು, ಅವತ್ತೂ ಕೇಳಿರಬೇಕೆಂದು ಮನಸ್ಸೇ ತುಂಬಿಸಿಕೊಂಡಿತು. ಹತ್ತೂ ಇಪ್ಪತ್ತಕ್ಕೆ ಬಾಗಿಲು ಹಾಕಿ ಬಿಗಿದು ಪಂಪು ನಡೆಸಿದೆ. ಒಂದು ನಿಮಿಷ ಬಿಟ್ಟು ಸುಳ್ಳು ಸೂರ್ಯ ಹಚ್ಚಿ, ಕಣ್ಣು ಕುಕ್ಕದಂತೆ ಗಾಜಿಗೆ ತೆಳು ಕಪ್ಪು ಪರದೆ ಇಳಿಸಿದೆ.

ಕಲ್ಲವ್ವ ಒಳಗಿದ್ದಳು. ಉಪಗ್ರಹದ ಗಾಲಿಯ ಕೆಳಗಿನ ಕನ್ನಡಿಯಲ್ಲಿ ಒಂದು ಮಂಜುಮಂಜು ಕಲೆ ಕಂಡು, ಅಂಗಾತ ಮಲಗಿ ಒರೆಸುತ್ತಿದ್ದಳು. ಕೂದಲು ಉದುರಬಾರದೆಂದು ತಲೆ, ಕಿವಿ ಎಲ್ಲ ಮುಚ್ಚುವ ಬಿಳಿ ಮುಸುಕು ಬಿಗಿಯಾಗಿ ಕಟ್ಟಿಕೊಳ್ಳುವುದು ನಿಯಮ. ನಾನು ಕೂಗಿದ್ದು ಅವಳಿಗೆ ಕೇಳಲಿಲ್ಲ. ಇದೆಲ್ಲ ಆಮೇಲೆ ಕೂಡಿಸಿ ತಿಳಿದದ್ದು.

ಎಂಟು ನಿಮಿಷ ದಾಟಿದ ಮೇಲೆ ಕಪ್ಪು ಪರದೆಯೊಳಗಿಂದ ಒಮ್ಮೆ ಒಳಗೆ ನೋಡುವುದು ನನ್ನ ಚಟ. ಯಾವ ನಿಯಮವೂ ಅಲ್ಲ. ಗೋಡೆ ಖಾಲಿಯಾಗಿರುವುದನ್ನು ನೋಡಿದರೆ ಏನೋ ಸಮಾಧಾನ. ಅವತ್ತು ನೋಡಿದೆ, ಗೋಡೆ ಖಾಲಿಯಾಗಿರಲಿಲ್ಲ. ಹತ್ತೂ ಇಪ್ಪತ್ತೊಂಬತ್ತು. ಅಷ್ಟು ಹೊತ್ತಿಗೆ ಹೋಗಿರಬೇಕಾಗಿದ್ದ ನೆರಳು ಅಲ್ಲೇ ಇತ್ತು. ನಾನು ನೋಡುತ್ತಿದ್ದ ಹಾಗೆ ಅದು ದಡಕ್ಕನೆ ಎದ್ದು, ಕೈಯಿಂದ ಕಣ್ಣು ಮುಚ್ಚಿಕೊಂಡು, ಗೋಡೆಗುಂಟ ಬಾಗಿಲ ಕಡೆಗೆ ಓಡಿತು. ಎರಡೂ ಕೈಯಿಂದ ಬಡಿಯತೊಡಗಿತು.

ಬಾಗಿಲು ಗೇಣು ದಪ್ಪದ ಉಕ್ಕು, ಪಂಪಿನ ಗದ್ದಲ ಬೇರೆ. ಬಡಿದದ್ದು ಇತ್ತ ಕಡೆ ಸೊಳ್ಳೆ ಕೂತಷ್ಟೂ ಕೇಳುತ್ತಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ ನನ್ನ ಜೀವ ಹಿಂಡಿದ್ದು, ಅವಳು ಬಡಿಯಲು ಸುರುಮಾಡಿದ್ದು ಈಗ ಅಲ್ಲ, ಎಂಟು ನಿಮಿಷದ ಹಿಂದೆ ಎಂಬುದು. ಅಷ್ಟೂ ಹೊತ್ತು ನಾನು ಸ್ಟೂಲಿನ ಮೇಲೆ ಕೂತು ಚಹಾ ಕುಡಿದಿದ್ದೆ. ಈಗ ಅವಳು ಏನು ಮಾಡುತ್ತಿದ್ದಾಳೆ, ಇದ್ದಾಳೋ ಇಲ್ಲವೋ, ಗೋಡೆ ಹೇಳುವುದು ಇನ್ನು ಎಂಟು ನಿಮಿಷಕ್ಕೆ. ಪಂಪು ನಿಲ್ಲಿಸಿದೆ, ಸುಳ್ಳು ಸೂರ್ಯ ಆರಿಸಿ ಒಳಗಿನ ಸಣ್ಣ ಬಲ್ಬು ಹಚ್ಚಿದೆ, ಹೋಗಿ ಚಕ್ರ ಹಿಡಿದೆ.

ಸೇತುರಾಮ್ ಓಡಿಬಂದು ಗಾಜಿನಲ್ಲಿ ನೋಡಿದರು. ನನ್ನ ಕೈ ಮೇಲೆ ಕೈಯಿಟ್ಟರು.

“ನಿಂತಿದ್ದಾರೆ ನೋಡಿ ಅಡಿವೆಪ್ಪ, ಬಾಗಿಲು ಬಡೀತಿದ್ದಾರೆ. ಶಕ್ತಿ ಇದೆ ಅವರಿಗೆ. ನಿಧಾನ ಬಿಡೋಣ. ಕಣ್ಣು ಹರಿದರೆ ಎಲ್ಲಾ ಹೋಯ್ತು.”

“ಅದು ಎಂಟು ನಿಮಿಷದ ಹಿಂದಿಂದ್ರಿ.”

“ಗೊತ್ತು. ಗೊತ್ತು ನನಗೆ. ಆದರೂ ನಿಂತಿದ್ದಾರಲ್ಲ.”

ಅವರನ್ನು ನಾನು ಬೈಯಲಾರೆ. ಹುಟ್ಟಿದಾಗಿನಿಂದ ಕಣ್ಣಿಗೆ ಕಂಡದ್ದನ್ನೇ ನಂಬಿದ ಮನುಷ್ಯ ಆರು ವರ್ಷದಲ್ಲಿ ಬದಲಾಗುತ್ತಾನೆಯೇ? ಹೆದರಿಕೆಯಾದಾಗ ಅವರ ಕಣ್ಣು ತನ್ನ ಹಳೇ ಚಾಳಿಗೆ ಹೋಯಿತು. ನನಗೆ ಆ ನೆಪವಿಲ್ಲ. ಆ ನೆರಳು ಹಳೆಯದೆಂದು ನನಗೆ ಗೊತ್ತಿತ್ತು, ಮೂಳೆಗೆ ಗೊತ್ತಿತ್ತು. ಆದರೂ ನಾನು ಚಕ್ರವನ್ನು ಕೂದಲೆಳೆಯಷ್ಟೇ ತೆರೆದು ನಿಂತೆ. ಒಳಗೆ ಗಾಳಿ ಸಣ್ಣಗೆ ಸುಯ್ಯೆನ್ನುತ್ತಿತ್ತು. ಐದು ವರ್ಷ ಕಣ್ಣ ಮುಂದೆ ಬಂತು. ಊರಿನ ಮಂದಿ ಸ್ಪೀಕರಿನ ಕೆಳಗೆ ಕೂತು ಕಾಯುವುದು ಕಣ್ಣ ಮುಂದೆ ಬಂತು. ಇದು ಹರಿದರೆ ಅಡಿವೆಪ್ಪ ಹರಿದ ಎನ್ನುತ್ತಾರಲ್ಲ, ಅದೂ ಬಂತು. ಮತ್ತೆ ಗಾಜಿನೊಳಗೆ ನೋಡಿದೆ. ಬಡಿಯುತ್ತಿದ್ದಳು. ನೋಡಿ ನನಗೂ ಧೈರ್ಯ ಬಂತು ಎಂದರೆ ನಿಮಗೆ ಹೇಸಿಗೆಯಾಗಬಹುದು, ನನಗೇ ಆಗುತ್ತದೆ. ಸುಳ್ಳೆಂದು ಗೊತ್ತಿದ್ದೂ ಆ ನೆರಳಿನಿಂದ ಸಮಾಧಾನ ತೆಗೆದುಕೊಂಡೆ.

ಗೋಡೆ ಗಡಿಯಾರದಲ್ಲಿ ಹತ್ತೂ ಮೂವತ್ತೊಂದಾಯಿತು. ಏನಾಯಿತೋ, ಸಾಹೇಬರ ಕೈ ಕೊಡವಿ ಚಕ್ರವನ್ನು ಪೂರ್ತಿ ತಿರುವಿಬಿಟ್ಟೆ. ಗಾಳಿ ಹುಚ್ಚುಹೊಳೆಯ ಹಾಗೆ ನುಗ್ಗಿತು. ಒಳಗೆ ಫಟ್ಟೆಂದು ಒಂದು ಸದ್ದಾಯಿತು. ಸೂರ್ಯನನ್ನು ನೋಡಬೇಕಾಗಿದ್ದ ಕಣ್ಣು ಹರಿದ ಸದ್ದು ಅದು. ಸೇತುರಾಮ್ ಅಲ್ಲೇ ನೆಲಕ್ಕೆ ಕುಸಿದು ಕೂತರು. ಬಾಗಿಲು ತೆರೆಯುವಷ್ಟು ಗಾಳಿ ತುಂಬಲು ಎರಡು ನಿಮಿಷ ಬೇಕಾಯಿತು. ಮೂವತ್ತಮೂರಕ್ಕೆ ತೆರೆದೆ. ಕಲ್ಲವ್ವ ಬಾಗಿಲಿಗೆ ಒರಗಿಕೊಂಡೇ ಇದ್ದಳು, ತೆರೆದ ಕೂಡಲೇ ನನ್ನ ಕಾಲ ಮೇಲೆ ಬಿದ್ದಳು.

ಗದ್ದಲ ಕೇಳಿ ಮಂದಿ ಕೂಡಿದರು. ಅವಳನ್ನು ಎತ್ತಿ ಹೊರಗಿನ ಹಾಲ್‌ನಲ್ಲಿ ಮಲಗಿಸಿದೆವು. ಕಾರ್ಖಾನೆಯ ಡಾಕ್ಟರು ಎದೆ ಒತ್ತಿ, ಬಾಯಿಗೆ ಗಾಳಿ ಊದಿ, ನಾಡಿ ಹಿಡಿದು ನೋಡಿ, ಕೈ ಬಿಟ್ಟರು. ಒಳಗೆ, ಗುಡಾಣದ ಗೋಡೆಯ ಮೇಲೆ, ಅವಳ ನೆರಳು ಇನ್ನೂ ಬಾಗಿಲು ಬಡಿಯುತ್ತಿತ್ತು. ಬಾಗಿಲು ಹಾರುಹೊಡೆದಿತ್ತು, ನೆರಳಿಗೆ ಮಾತ್ರ ಮುಚ್ಚಿತ್ತು.

ಇಂಥ ಹೊತ್ತಿನಲ್ಲಿ ಕುಲವಲ್ಲದವನೊಬ್ಬ ನೆರಳನ್ನು ಕಾಯಬೇಕು. ಹೆತ್ತವರು, ಮಕ್ಕಳು ನೋಡಬಾರದು. ಅವರನ್ನು ನೆರಳಿಗೆ ಬೆನ್ನು ಮಾಡಿ ಕೂರಿಸುತ್ತಾರೆ, ಇಳಿಯಿತು ಎಂದು ಕಾಯುವವನು ಹೇಳಿದ ಮೇಲೆಯೇ ಅವರು ಅಳುವುದು. ಕಾಯುವುದಕ್ಕೆ ಎಲ್ಲರೂ ನನ್ನ ಮುಖ ನೋಡಿದರು. ಆಗಲೇ ಸುದ್ದಿ ಹರಿದಾಡಿತ್ತು, ಉಪಗ್ರಹ ಹೋದರೆ ಹೋಗಲಿ, ಜೀವ ಮುಖ್ಯ ಅಂತ ಅಡಿವೆಪ್ಪ ಸಾಹೇಬರನ್ನೂ ತಳ್ಳಿ ಚಕ್ರ ತಿರುವಿದ ಎಂದು. ಹಳೇ ನೆರಳೆಂದು ಬಾಗಿಲು ಹಾಕಿದ್ದನ್ನು ನಾನೇ ಬಾಯಿಬಿಟ್ಟು ಹೇಳಿದೆ. ಯಾರೂ ನನ್ನನ್ನು ದೂರಲಿಲ್ಲ. ನಾವಾದರೂ ಹಾಗೇ ಅನ್ನುತ್ತಿದ್ದೆವು ಎಂದರು. ಅದು ಖರೆಯೂ ಹೌದು. ಆ ತಪ್ಪು ಇಡೀ ಊರಿನದು, ಯಾರ ಕೈಯಲ್ಲಾದರೂ ಆಗಬಹುದಿತ್ತು. ಆ ಎರಡು ನಿಮಿಷ ಮಾತ್ರ ನನ್ನವು, ಅದನ್ನು ನಾನು ಹೇಳಲಿಲ್ಲ. ಸೇತುರಾಮ್ ಮಂಡಿಯಲ್ಲಿ ಮುಖ ಹುದುಗಿಸಿ ಕೂತಿದ್ದರು.

ಸಾವಂತ್ರಿ ಬಂದಾಗ ಮೂವತ್ತನಾಲ್ಕು. ಅವಳ ಬೆರಳಿನ ತುಂಬ ಟೇಪಿನ ಕಂದು ಹುಡಿ ಹತ್ತಿತ್ತು. ತಾಯಿಯ ತಲೆಯನ್ನು ತೊಡೆಯ ಮೇಲೆ ತೆಗೆದುಕೊಂಡಳು. ಹೆಂಗಸರು ಅವಳನ್ನು ಹಿಡಿದು ಗುಡಾಣಕ್ಕೆ ಬೆನ್ನು, ಹಾಲಿನ ಗೋಡೆಗೆ ಮುಖ ಮಾಡಿ ಕೂರಿಸಿದರು. ಯಾರೋ ನಾನು ಮಾಡಿದ್ದನ್ನು ಅವಳಿಗೆ ಹೇಳಿದರು. ಅವಳು ತಿರುಗದೆಯೇ ನನಗೆಂದು ಕೈ ಮುಗಿದಳು. ನಾನು ಗುಡಾಣದ ಹೊಸ್ತಿಲಲ್ಲಿ ನಿಂತೆ. ಒಂದು ಕಣ್ಣು ಗೋಡೆಯ ಮೇಲೆ, ಇನ್ನೊಂದು ಗಡಿಯಾರದ ಮೇಲೆ.

ನಾನು ಅಲ್ಲಿ ನಿಂತು ಏನು ಬೇಡಿಕೊಂಡೆ ಎಂದು ಹೇಳಿಯೇ ಬಿಡುತ್ತೇನೆ. ಲೆಕ್ಕ ಸರಳ. ನಾನು ಚಕ್ರ ಹಿಡಿದದ್ದು ಇಪ್ಪತ್ತೊಂಬತ್ತಕ್ಕೆ. ಅದರ ನೆರಳು ಬೀಳುವುದು ಮೂವತ್ತೇಳಕ್ಕೆ. ಕಲ್ಲವ್ವನ ನೆರಳು ಮೂವತ್ತೇಳರೊಳಗೆ ಇಳಿದರೆ, ನಾನು ಚಕ್ರ ಹಿಡಿಯುವ ಮೊದಲೇ ಅವಳ ಜೀವ ಹೋಗಿತ್ತೆಂದು ಅರ್ಥ. ಆಗ ಆ ಎರಡು ನಿಮಿಷ ಯಾವ ಲೆಕ್ಕಕ್ಕೂ ಇಲ್ಲ. ಇಪ್ಪತ್ತೊಂಬತ್ತಕ್ಕೇ ಪೂರ್ತಿ ತಿರುವಿದ್ದರೆ ಮೂವತ್ತೊಂದಕ್ಕೆ ಬಾಗಿಲು ತೆರೆಯುತ್ತಿತ್ತು. ಅದರ ನೆರಳು ಮೂವತ್ತೊಂಬತ್ತಕ್ಕೆ. ಅಲ್ಲಿಯವರೆಗೆ ಅವಳು ನಿಂತಿದ್ದರೆ, ಉಳಿಯುತ್ತಿದ್ದವಳನ್ನು ನಾನು ಕೊಂದೆ. ಹಾಗಾಗಿ ನಾನು ಬೇಡಿಕೊಂಡದ್ದು ಒಂದೇ, ಬೇಗ ಬೀಳಲಿ. ಇಷ್ಟು ವರ್ಷ ಜೊತೆಗೆ ದುಡಿದವಳು, ನನ್ನ ಮಗನ ಮದುವೆಯಲ್ಲಿ ಮುತ್ತಿನ ಕನ್ನಡಿ ತಂದುಕೊಟ್ಟವಳು. ಅವಳು ಬೇಗ ಸತ್ತಿರಲಿ ಎಂದು ಅವಳ ಮಗಳ ಹಿಂದೆ ನಿಂತು ಬೇಡಿಕೊಂಡೆ.

ಮೂವತ್ತೈದು. ನೆರಳು ಬಡಿಯುವುದನ್ನು ನಿಲ್ಲಿಸಿ ಬಾಗಿಲಿಗೆ ಹಣೆ ಹಚ್ಚಿತು. ಈಗ ಇಳಿಯುತ್ತದೆ ಎಂದುಕೊಂಡೆ. ಇಳಿಯಲಿಲ್ಲ. ಅದು ಬಗ್ಗಿತು, ಆದರೆ ಬಿದ್ದದ್ದಲ್ಲ. ನೆಲಕ್ಕೆ ಬಿದ್ದಿದ್ದ ಒರೆಸುವ ಬಟ್ಟೆಯನ್ನು ಎತ್ತಿ ಕೊಡವಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಮತ್ತೆ ಎದ್ದು ನಿಂತಳು. ಮೂವತ್ತಾರು. ಮತ್ತೆ ಬಡಿದಳು, ಈ ಸಲ ಒಂದೇ ಕೈಯಿಂದ, ನಿಧಾನವಾಗಿ, ನೆರೆಮನೆಯ ಕದ ತಟ್ಟುವವರ ಹಾಗೆ. ಗಡಿ ದಾಟಿತು. ಮೂವತ್ತೇಳು, ನಿಂತೇ ಇದ್ದಳು. ಮೂವತ್ತೆಂಟು. ಕೈ ಬಾಗಿಲಿನ ಮೇಲೆ ಚಪ್ಪಟೆಯಾಗಿ ನಿಂತಿತ್ತು, ಬಡಿಯುತ್ತಿರಲಿಲ್ಲ, ಆದರೆ ಬೆರಳು ಆಡುತ್ತಿದ್ದವು. ಒಳಬರುವ ಗಾಳಿ ಅವಳ ಮೈಗೆ ತಾಕಿರಬೇಕು. ತೆರೆಯುತ್ತಾರೆ ಎಂದು ಗೊತ್ತಾಗಿರಬೇಕು. ಅದಕ್ಕೇ ಬಡಿಯುವುದನ್ನು ಬಿಟ್ಟು ಕಾಯುತ್ತಿದ್ದಳು.

ಮೂವತ್ತೊಂಬತ್ತಕ್ಕೂ ನಿಂತಿದ್ದಳು. ನಲವತ್ತಕ್ಕೆ ಮಂಡಿ ಮಡಚಿದವು. ಬಾಗಿಲಿಗೆ ಬೆನ್ನು ಹಚ್ಚಿ ಮೆಲ್ಲಗೆ ಕೂತಳು, ದಣಿದವರು ಕಟ್ಟೆಯ ಮೇಲೆ ಕೂರುವಂತೆ. ಆಮೇಲೆ ನೆರಳು ಗೋಡೆಯಿಂದ ಜಾರಿ ನೆಲಕ್ಕೆ ಬಂದು ಇಲ್ಲವಾಯಿತು.

ನಾನು ಹೇಳಬೇಕಿತ್ತು. ಯಾರೋ ಕೆಮ್ಮಿದರು. ತಿರುಗದೆಯೇ, ಇಳೀತು ಎಂದೆ. ಹೆಂಗಸರು ಸಾವಂತ್ರಿಯ ಸುತ್ತ ಬಾಗಿದರು, ಇನ್ನು ಅವಳು ದನಿ ತೆಗೆಯುತ್ತಾಳೆಂದು ಎಲ್ಲರೂ ಕಾದರು. ಅವಳು ಅಳಲಿಲ್ಲ. ನಾನು ತಿರುಗಿ ನೋಡಿದೆ. ಅವಳು ತಲೆ ಬಗ್ಗಿಸಿ ತಾಯಿಯ ಮುಖವನ್ನು ನೋಡುತ್ತಿರಲಿಲ್ಲ. ನೆಟ್ಟಗೆ ಎದುರಿನ ಗೋಡೆಯನ್ನು ನೋಡುತ್ತಿದ್ದಳು. ಕೂರಿಸಿದಾಗಿನಿಂದ ಅವಳ ಕಣ್ಣೆದುರು ಇದ್ದದ್ದು ಅದೊಂದೇ ಗೋಡೆ.

ಆ ಗೋಡೆಯ ಮೇಲೆ ನನ್ನ ನೆರಳಿತ್ತು. ಆಗಷ್ಟೇ ಚಕ್ರ ಬಿಟ್ಟು ಬಾಗಿಲಿನ ಬಿಗಿ ಸಡಿಲಿಸಲು ಓಡುತ್ತಿತ್ತು. ಅದರ ಪಕ್ಕದಲ್ಲಿ ಸೇತುರಾಮರದು ನೆಲದ ಮೇಲೆ ಕುಸಿದು ಕೂತಿತ್ತು. ನಾನು ಅವಳ ತಾಯಿಯನ್ನು ನೋಡುತ್ತಿದ್ದ ಅಷ್ಟೂ ಹೊತ್ತು ಅವಳು ನನ್ನನ್ನು ನೋಡಿದ್ದಳು. ಮೂವತ್ತೇಳಕ್ಕೆ ನಾನು ಚಕ್ರ ಹಿಡಿದದ್ದು, ಸಾಹೇಬರು ನನ್ನ ಕೈ ಮೇಲೆ ಕೈ ಇಟ್ಟದ್ದು, ನಾನು ಗಾಜಿನಲ್ಲಿ ಹಣಿಕಿ ಹಾಕಿದ್ದು, ಮತ್ತೆ ಹಾಕಿದ್ದು, ಕೈ ಅಲುಗದೆ ಅಲ್ಲೇ ಉಳಿದದ್ದು, ಮೂವತ್ತೊಂಬತ್ತಕ್ಕೆ ಕೊಡವಿಕೊಂಡು ತಿರುವಿದ್ದು. ಸ್ವಂತ ನೆರಳನ್ನು ಯಾರು ನೋಡುತ್ತಾರೆ? ನನಗೆ ಅದರ ನೆನಪೇ ಆಗಿರಲಿಲ್ಲ.

ಅವಳು ತಾಯಿಯ ತಲೆಯನ್ನು ಮೆತ್ತಗೆ ನೆಲಕ್ಕಿಟ್ಟು ನನ್ನ ಕಡೆ ತಿರುಗಿದಳು. ಸಿಟ್ಟಿರಲಿಲ್ಲ ಮುಖದಲ್ಲಿ, ದಂಗು ಬಡಿದಿತ್ತು. ಲೆಕ್ಕ ಒಪ್ಪಿಸುವ ಮಗುವಿನಷ್ಟು ಸಣ್ಣ ದನಿಯಲ್ಲಿ ಕೇಳಿದಳು.

“ಕಾಕಾ, ನೀವು ಚಕ್ರ ಹಿಡಕೊಂಡು ನಿಂತಾಗ ನಮ್ಮವ್ವ ನಿಂತಿದ್ಲೇನು?”

ಹಾಲಿನಲ್ಲಿದ್ದವರೆಲ್ಲ ನನ್ನನ್ನು ನೋಡಿದರು. ಊರಿನ ಯಾವ ಪಂಚಾಯಿತಿಯೂ ಆ ಗೋಡೆಯನ್ನು ಸಾಕ್ಷಿ ಹಿಡಿಯುವುದಿಲ್ಲ. ಗುಡಾಣದೊಳಗೆ ನೋಡಿದವನು ನಾನೊಬ್ಬನೇ. ಮೂವತ್ತಾರಕ್ಕೇ ಕೂತಿದ್ದಳು ಎಂದರೆ ಅವಳು ನಂಬುತ್ತಿದ್ದಳು, ನಂಬಬೇಕೆಂದೇ ಕೇಳುತ್ತಿದ್ದಳು ಎಂದು ಈಗಲೂ ಅನಿಸುತ್ತದೆ.

“ನಿಂತಿದ್ಲವ್ವಾ,” ಅಂದೆ. “ಬಾಗಿಲಾ ತಗೀತಾರಂತ ಕಾಯ್ತಿದ್ಲು.”